ಪ್ರಾಣಿಯಿಲ್ಲದ ಸ್ವರ

ಬಹಳ ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಕಿವಿ ಇದ್ದ ಕಾಲದಲ್ಲಿ, ಕಂಚುಗಿರಿ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಬೀಗ ಅಂದರೆ ಏನು ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ಮನೆಗೂ ಕಂಚಿನ ಬಾಗಿಲು, ಪ್ರತಿ ಬಾಗಿಲಿಗೂ ಒಂದು ಸ್ವರ. ಅರಮನೆಗೆ ಸ, ಉಗ್ರಾಣಕ್ಕೆ ರಿ, ಬಚ್ಚಲಮನೆಗೆ ಗ. ಬಾಗಿಲ ಮುಂದೆ ನಿಂತು ಆ ಸ್ವರ ಹಾಡಿದರೆ ಬಾಗಿಲು ತಾನೇ ತೆರೆಯುತ್ತಿತ್ತು. ನೆಗಡಿ ಹಿಡಿದವರು ಜಗಲಿಯ ಮೇಲೇ ಕೂತು ಕಷಾಯ ಕುಡಿಯಬೇಕಾಗುತ್ತಿತ್ತು. ನಗಬೇಡಿ, ಇದ್ದದ್ದನ್ನ ಹೇಳ್ತಿದ್ದೀನಿ.

ಇನ್ನೊಂದು ವಿಷಯ. ಆ ಬಾಗಿಲುಗಳು ಹಾಡಿದ ತಕ್ಷಣ ತೆರೆಯುತ್ತಿರಲಿಲ್ಲ. ಮೊದಲು, "ಯಾರ ಪೈಕಿ?" ಅಂತ ಕೇಳುತ್ತಿದ್ದವು. ನಮ್ಮ ಕಡೆ ಹೊಸಬರು ಬಂದರೆ ಕಟ್ಟೆ ಮೇಲೆ ಕೂತ ಹಿರಿಯರು ಕೇಳುತ್ತಾರಲ್ಲ, ಅದೇ ಮಾತು. ಇಂಥವರ ಮಗ, ಇಂಥವರ ಸೊಸೆ ಅಂದರೆ ಒಳಗೆ ಬಿಡುತ್ತಿದ್ದವು. ಸ್ವರಗಳಿಗೂ ಅಲ್ಲಿ ಹೀಗೇ ಪೈಕಿ ಇತ್ತು. ಸ ಕೊಟ್ಟದ್ದು ನವಿಲು, ರಿ ಕೊಟ್ಟದ್ದು ಎತ್ತು, ಗ ಕೊಟ್ಟದ್ದು ಆಡು. ಮ ಅಂದರೆ ಕೊಕ್ಕರೆ, ಪ ಅಂದರೆ ಕೋಗಿಲೆ, ದ ಅಂದರೆ ಕುದುರೆ, ನಿ ಅಂದರೆ ಆನೆ. ಕಂಚುಗಿರಿಯ ಕೂಸುಗಳಿಗೂ ಇದು ಬಾಯಿಪಾಠವಾಗಿತ್ತು.

ಆ ರಾಜ್ಯದ ರಾಜಕುಮಾರ ಎರೆಯ. ಒಳ್ಳೆಯವನೇ, ಆದರೆ ಮಹಾ ಆತುರಗಾರ. ಅನ್ನ ಅರಳುವ ಮೊದಲೇ ಎಲೆ ಮುಂದೆ ಕೂರುವವನು. ಸ್ವರ ನಿಲ್ಲುವ ಮೊದಲೇ ಬಾಗಿಲಿಗೆ ನುಗ್ಗಿ ಹಣೆಗೆ ಬುಗುಟು ಬರಿಸಿಕೊಳ್ಳುವವನು, ಅದೂ ದಿನಾ. ಅವನ ಹೆಂಡತಿ ಸೋವಲೆ, ಕುದುರೆ ಪಳಗಿಸುವವರ ಮನೆಯ ಮಗಳು. "ನಿಮಗಿಂತ ನಮ್ಮಪ್ಪನ ಕುದುರೆಮರಿಗಳು ವಾಸಿ, ಹೇಳಿದ್ದು ಕೇಳ್ತವೆ" ಅಂತ ಬೈದುಕೊಂಡೇ ಆ ಬುಗುಟಿಗೆ ಅರಿಶಿನ ಹಚ್ಚುತ್ತಿದ್ದಳು. ಮದುವೆಯಾಗಿ ಇನ್ನೂ ಅಂಗಳದ ಚಪ್ಪರ ಬಿಚ್ಚಿರಲಿಲ್ಲ. ಅವಳೆಂದರೆ ಅವನಿಗೆ ಪ್ರಾಣ.

ಹೀಗಿರುವಾಗ ಉತ್ತರದ ತಾಮ್ರಕೋಟೆಯಿಂದ ಸಮಸೀಳ ಬಂದ. ಸಮಸೀಳ ಒಬ್ಬ ಮಾಂತ್ರಿಕ. ಅವನ ಕೈಯಲ್ಲೊಂದು ಕತ್ತಿ. ಅದರಿಂದ ಕಂಡದ್ದನ್ನೆಲ್ಲ ಸರಿಯಾಗಿ ಎರಡು ಪಾಲು ಮಾಡುವುದೇ ಅವನ ಚಟ. ರೊಟ್ಟಿ ಕಂಡರೆ ಎರಡು ಪಾಲು, ಮರ ಕಂಡರೆ ಎರಡು ಪಾಲು, ಪಾಪದ ಬೆಕ್ಕು ಕಂಡರೂ ಎರಡು ಪಾಲು. ಮಾಯೆಯ ಕತ್ತಿಯಾದ್ದರಿಂದ ಎರಡು ಪಾಲೂ ಬದುಕಿರುತ್ತಿದ್ದವು, ಅದು ಇನ್ನೂ ಕೆಟ್ಟದ್ದು. "ನನ್ನಷ್ಟು ನ್ಯಾಯವಂತ ಇಲ್ಲ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ" ಅಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ. ಅಂಥವನು ಒಂದು ಬೆಳಿಗ್ಗೆ ಮೋಡದ ಮೇಲೆ ಬಂದು, ಅಂಗಳದಲ್ಲಿ ಹಾಡಿಕೊಂಡು ರಂಗೋಲಿ ಹಾಕುತ್ತಿದ್ದ ಸೋವಲೆಯನ್ನು ಎತ್ತಿಕೊಂಡ.

"ಇಂಥ ಗಂಟಲು ನನ್ನ ಗೋಪುರಕ್ಕೆ ಗಂಟೆಯಾಗೋದಕ್ಕೆ ಹೇಳಿ ಮಾಡಿಸಿದ್ದು" ಅಂದ ಸಮಸೀಳ ಮೋಡದಿಂದ. "ಇವತ್ತಿಂದ ಇವಳು ಕಾಲಿಂದ ಮೇಲಕ್ಕೆ ಕಂಚಾಗ್ತಾ ಬರ್ತಾಳೆ. ಅಮಾವಾಸ್ಯೆ ದಿನ ಸೂರ್ಯ ಮುಳುಗಿದರೆ ಪೂರ್ತಿ ಗಂಟೆ. ನಾನು ನ್ಯಾಯವಂತ, ಒಂದು ದಾರಿ ಬಿಟ್ಟಿದ್ದೀನಿ. ಮ ಅನ್ನೋ ಮಧ್ಯಮಕ್ಕೂ ಪ ಅನ್ನೋ ಪಂಚಮಕ್ಕೂ ನಡುವೆ ಒಂದು ಸ್ವರ ಇದೆ. ನನ್ನ ಗೋಪುರದ ಬಾಗಿಲಿಗೆ ಅದೇ ಸ್ವರ. ಹಾಡಿ ತೆಗೆದವರು ಕರ್ಕೊಂಡು ಹೋಗಲಿ. ತಪ್ಪಿದವರು ನನ್ನ ಗೋಡೆ ಮೇಲೆ ಗಂಟೆಯಾಗಿ ತೂಗಾಡಲಿ."

ನಮ್ಮ ಹಾಡುಗಾರರು ಆ ಸ್ವರವನ್ನು ಪ್ರತಿಮಧ್ಯಮ ಅಂತಾರೆ. ಕಂಚುಗಿರಿಯಲ್ಲಿ ಮಾತ್ರ ಅದಕ್ಕೆ ಹೆಸರೂ ಇರಲಿಲ್ಲ, ಪ್ರಾಣಿಯೂ ಇರಲಿಲ್ಲ. ಯಾರೂ ಅದನ್ನು ಹಾಡಿದ್ದೇ ಇಲ್ಲ.

ಮೊದಲು ಹೊರಟವನು ಮಂತ್ರಿಯ ಮಗ ದಡಿಗ, ಎರೆಯನ ಜೀವದ ಗೆಳೆಯ. "ನೀನು ಆತುರಗಾರ, ಲೆಕ್ಕ ಬಲ್ಲ ನಾನು ಹೋಗ್ತೀನಿ" ಅಂತ ಎರೆಯನನ್ನು ಕೂರಿಸಿ ವೀಣೆ ತಂದ. ತಂತಿಯ ಮೇಲೆ ಮ ಎಲ್ಲಿ, ಪ ಎಲ್ಲಿ ಅಂತ ಗುರುತು ಹಾಕಿದ. ನಡುವಿನ ಜಾಗವನ್ನು ದಾರದಿಂದ ಅಳೆದು, ದಾರವನ್ನು ಸರಿಯಾಗಿ ಮಡಿಸಿ, ನಟ್ಟನಡುವೆ ಬೆರಳಿಟ್ಟು ಮೀಟಿದ. ಎಲ್ಲರಿಗೂ ಸರಿ ಅನ್ನಿಸಿತು. ನಮಗಾದರೂ ಇನ್ನೇನು ಅನ್ನಿಸುತ್ತಿತ್ತು? ನಡುವೆ ಅಂದಮೇಲೆ ನಡುವೆಯೇ ತಾನೆ. ದಡಿಗ ಆ ದನಿಯನ್ನು ಗಂಟಲಲ್ಲಿ ಹಿಡಿದುಕೊಂಡು ಹೋಗಿ ಗೋಪುರದ ಬಾಗಿಲ ಮುಂದೆ ಹಾಡಿದ.

"ಯಾರ ಪೈಕಿ?" ಅಂತು ಬಾಗಿಲು.

"ಮ-ಪಗಳ ನಟ್ಟನಡುವಿನದು" ಅಂದ ದಡಿಗ.

"ಅದು ಜಾಗ ಆಯ್ತು. ಪೈಕಿ ಯಾರು?"

ದಡಿಗ ಮತ್ತೆ ಅದನ್ನೇ ಹಾಡಿದ. ಕೋಟೆಯ ಗೋಡೆಯ ಮೇಲೆ, ಹಿಂದೆ ಬೇರೆ ರಾಜ್ಯಗಳಿಂದ ಬಂದು ತಪ್ಪಿದವರ ಗಂಟೆಗಳ ಪಕ್ಕ, ದಡಿಗನೂ ಗಂಟೆಯಾಗಿ ತೂಗಾಡಿದ. ಜೊತೆಗೆ ಹೋದವರು ಓಡಿ ಬಂದು ಕಂಚುಗಿರಿಗೆ ಸುದ್ದಿ ಮುಟ್ಟಿಸಿದರು.

ಎರೆಯ ಲಾಯಕ್ಕೆ ಓಡಿದ. ಅತ್ತ ಹೆಂಡತಿ, ಇತ್ತ ಗೆಳೆಯ. ಕುದುರೆ ಹತ್ತಿದ, ಆ ಕ್ಷಣವೇ ಹೋಗಿ ಬಾಗಿಲಿಗೆ ಏನೋ ಒಂದು ಹಾಡಿಬಿಡುತ್ತೇನೆ ಅಂತ. ಅವನ ಅಜ್ಜಿ, ಹಿರಿಯ ರಾಣಿ ಲಚ್ಚಲೆ, ಬಂದು ಲಗಾಮು ಹಿಡಿದು ನಿಲ್ಲಿಸಿದಳು.

"ಎಲ್ಲಿಗೋ?"

"ಅವಳನ್ನ ಕರ್ಕೊಂಡು ಬರೋಕೆ."

"ಗಂಟೆ ಆಗೋಕೆ ಅನ್ನು. ಇಳಿ ಕೆಳಗೆ. ಬಾಗಿಲು ಕೇಳಿದ್ದೇನು? ಯಾರ ಪೈಕಿ ಅಂತ. ಗೊತ್ತಿಲ್ಲದವರ ಸಂಬಂಧ ಬಂದರೆ ನಾವೇನು ಮಾಡ್ತೀವಿ, ಆಳು ಎಷ್ಟು ಉದ್ದ ಅಂತ ಅಳೀತೀವಾ? ಅವರ ಕಡೆಯವರನ್ನ ಹುಡುಕ್ಕೊಂಡು ಹೋಗಿ ವಿಚಾರಿಸ್ತೀವಿ. ಸ್ವರಕ್ಕೆಲ್ಲ ಹಿರಿಯ ಸ. ಮೊದಲು ನವಿಲನ್ನ ಕೇಳು."

ಅರಮನೆಯ ತೋಟದಲ್ಲಿ ಒಂದು ಮುದಿ ನವಿಲು ಇತ್ತು. ಎರೆಯ ಅದರ ಮುಂದೆ ಕೈಮುಗಿದು ಎಲ್ಲ ಹೇಳಿದ. ನವಿಲು ತನ್ನ ಒಂದು ಗರಿ ಕಿತ್ತು ಕೊಟ್ಟಿತು. ಗರಿ ಅವನ ಕೈಗೆ ಬಂದದ್ದೇ ತಡ, ಸ ಅಂತ ಮೊಳಗತೊಡಗಿತು.

"ಆ ಸ್ವರ ನನ್ನ ನೇರ ಮಗುವಲ್ಲ" ಅಂತು ನವಿಲು. "ನನಗೆ ಎಲ್ಲರಿಗಿಂತ ಹತ್ತಿರದವಳು ಕೋಗಿಲೆ. ಅವಳ ಹತ್ತಿರ ಹೋಗು. ಎರಡು ದನಿ ಒಂದಕ್ಕೊಂದು ಸೇರದಿದ್ದರೆ ನಡುವೆ ವ್ಹಾ ವ್ಹಾ ಅಂತ ಅಲೆ ಏಳುತ್ತೆ. ಸೇರಿದರೆ ಅಲೆ ಸಾಯುತ್ತೆ. ನಿನ್ನ ಕಣ್ಣು ನಂಬಬೇಡ, ಅಲೆ ನಂಬು."

ಎರೆಯ ಗರಿಯನ್ನು ರುಮಾಲಿಗೆ ಸಿಕ್ಕಿಸಿಕೊಂಡು ಹೊರಟ. ಕಾಡು ದಾಟಿದ, ಬೆಟ್ಟ ದಾಟಿದ, ಕೋಗಿಲೆಯ ಮಾವಿನ ತೋಪಿಗೆ ಬಂದ. ಬಂದು ನೋಡಿದರೆ ತೋಪಿನ ತುಂಬ ಕೋಗಿಲೆಗಳು, ಎಲೆಗೊಂದು ಕೋಗಿಲೆ! ಎಲ್ಲವೂ ಪ ಪ ಅಂತ ಕೂಗುತ್ತಿವೆ. ಸಮಸೀಳ ಅವನಿಗಿಂತ ಮುಂಚೆ ಬಂದು, ಕಾಗೆಗಳಿಗೆಲ್ಲ ಕೋಗಿಲೆಯ ಗಂಟಲು ಅಂಟಿಸಿ ಹೋಗಿದ್ದ.

ನಮ್ಮ ಆತುರಗಾರ ಏನು ಮಾಡಿದ ಅಂತೀರಿ? ಹತ್ತಿರದ ಕೊಂಬೆಗೆ ಕೈ ಹಾಕಿ ಒಂದು ಹಕ್ಕಿ ಹಿಡಿದೇಬಿಟ್ಟ. ಅದು ಮಾಟದ ಕಾಗೆ. ಹಿಡಿದ ಕೈ ಮೊಣಕೈವರೆಗೆ ಮರವಾಗಿ, ಬೆರಳ ತುದಿಯಲ್ಲಿ ಮಾವಿನ ಚಿಗುರು ಮೂಡಿತು. ಎರೆಯ ಆಗ ಹೆದರಿದ. ಇನ್ನೊಂದು ಕೈಯೂ ಹೋದರೆ ಸೋವಲೆಯ ಗತಿ ಏನು?

ಅವನು ನೆಲದ ಮೇಲೆ ಕೂತು ಕಣ್ಣು ಮುಚ್ಚಿಕೊಂಡ. ರುಮಾಲಿನ ಗರಿ ಸ ಅನ್ನುತ್ತಿತ್ತು. ಒಂದು ಹಕ್ಕಿ ಕೂಗಿತು, ಅಲೆ ಎದ್ದಿತು. ಇನ್ನೊಂದು ಕೂಗಿತು, ಅಲೆ ನಿಧಾನವಾಯಿತು, ಆದರೆ ಸಾಯಲಿಲ್ಲ. ಅವನ ಕಾಲು ಏಳು ಏಳು ಅಂತ ತುಡಿಯುತ್ತಿತ್ತು, ಆದರೂ ಕೂತ. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಆಗ ತೋಪಿನ ಮೂಲೆಯ ಮುರುಕು ಮರದಿಂದ ಒಂದು ಸಣ್ಣ ಕೂಗು ಬಂತು. ಅಲೆ ಸತ್ತಿತು. ಸ ಯಾವುದು, ಪ ಯಾವುದು ಅಂತ ಬಿಡಿಸಲಾಗದ ಹಾಗೆ ಎರಡೂ ಕೂಡಿ ನಿಂತವು. ಎರೆಯ ಕಣ್ಣು ಮುಚ್ಚಿಕೊಂಡೇ ನಡೆದುಹೋಗಿ ಆ ಮರದ ಕೆಳಗೆ ನಿಂತ.

"ಯಾರ ಪೈಕಿ?" ಅಂತು ಮರದ ಮೇಲಿನ ಕೋಗಿಲೆ.

"ನವಿಲಿನ ಪೈಕಿ."

"ಹಾಗಾದರೆ ನಮ್ಮವನೇ" ಅಂತ ಕೋಗಿಲೆ ಇಳಿದು ಬಂದು ಅವನ ಕೈಗೆ ರೆಕ್ಕೆ ಸವರಿತು. ಕೈ ಮೊದಲಿನಂತಾಯಿತು. ಆಮೇಲೆ ಮೊಳಕೆ ಬಂದ ಒಂದು ಮಾವಿನ ವಾಟೆಯನ್ನು ಕಲ್ಲಿಗೆ ತಿಕ್ಕಿ, ಮಕ್ಕಳು ಮಾಡುತ್ತಾರಲ್ಲ ಅಂಥ ಪೀಪಿ ಮಾಡಿ ಕೊಟ್ಟಿತು. ಊದಿದರೆ ಪ ಬಿಟ್ಟು ಬೇರೆ ಬರುತ್ತಿರಲಿಲ್ಲ. "ನೀನು ಹುಡುಕೋ ಸ್ವರ ನನ್ನ ಮಗುವೂ ಅಲ್ಲ. ನನ್ನ ಸಾಕುಮಗಳು ಆನೆ, ಅವಳನ್ನ ಕೇಳು. ಆನೆ ಆದರೂ ಅವಳಿರೋದು ನನ್ನ ದನಿಯೊಳಗೆ" ಅಂತು ಕೋಗಿಲೆ.

ಎರೆಯ ಮತ್ತೆ ಹೊರಟ. ಕಾಡು ದಾಟಿದ, ಬೆಟ್ಟ ದಾಟಿದ, ಆನೆಕೆರೆಗೆ ಬಂದ. ಕೆರೆ ಇತ್ತು, ಆನೆ ಇರಲಿಲ್ಲ. ಆಕಾಶದಲ್ಲಿ ಚಂದ್ರ ಸವೆದು ಸವೆದು ಉಗುರಿನಷ್ಟಾಗಿದ್ದ. ಕೆರೆಯ ನೀರಲ್ಲಿ ಎರೆಯನಿಗೆ ಸೋವಲೆ ಕಂಡಳು. ಎದೆಯವರೆಗೂ ಕಂಚಾಗಿ ಗೋಪುರದಲ್ಲಿ ನಿಂತಿದ್ದಳು.

ಎರೆಯ ಸೊಂಟದವರೆಗೆ ನೀರಿಗಿಳಿದು ಪೀಪಿ ಊದಿದ. ಪ ಅಂತು ಪೀಪಿ. ಆನೆ ಬರಲಿಲ್ಲ, ಮೊಸಳೆ ಬಂತು. ಅದೂ ಪೂರ್ತಿ ಮೊಸಳೆಯಲ್ಲ. ಸಮಸೀಳ ಸೀಳಿ ಬಿಟ್ಟಿದ್ದ ಮೊಸಳೆ. ಒಂದು ಕಡೆಯಿಂದ ಬರೀ ಬಾಯಿ, ಇನ್ನೊಂದು ಕಡೆಯಿಂದ ಬರೀ ಬಾಲ. ಬಾಯಿ ಕಚ್ಚಲು ಬರುತ್ತಿದೆ, ಬಾಲ ಬಡಿಯಲು ಬರುತ್ತಿದೆ. ನೀವಾಗಿದ್ದರೆ ಓಡುತ್ತಿದ್ದಿರಿ, ನಾನಂತೂ ಆಗಲೇ ದಡದಲ್ಲಿರುತ್ತಿದ್ದೆ. ಎರೆಯ ಓಡಲಿಲ್ಲ. ಅವಳಿರೋದು ನನ್ನ ದನಿಯೊಳಗೆ ಅಂತ ಕೋಗಿಲೆ ಹೇಳಿತ್ತಲ್ಲ. ಪೀಪಿಯನ್ನು ಒಂದೇ ಸಮ ಊದುತ್ತಾ ಆ ದನಿಯ ಒಳಗೆ ಕಿವಿಯಿಟ್ಟ.

ತಂಬೂರಿ ಚೆನ್ನಾಗಿ ಶ್ರುತಿ ಕೂಡಿದಾಗ ಯಾರೂ ಮೀಟದ ಗ, ಅಂದರೆ ಗಾಂಧಾರ, ಒಂದು ಕೇಳುತ್ತೆ, ಕೇಳಿದವರಿಗೆ ಗೊತ್ತು. ಹಾಗೇ ಆ ಪಂಚಮದ ಒಳಗೂ ಒಂದು ದನಿ ಇತ್ತು. ಬಹಳ ಸಣ್ಣದು, ಬಹಳ ಸಿಹಿ. ಪಂಚಮವನ್ನೇ ಸ ಅಂದುಕೊಂಡರೆ ಅದು ಅದರ ಗಾಂಧಾರ. ಮೊಸಳೆಯ ಬಾಯಿ ಕೈಯಳತೆಗೆ ಬಂದಿತ್ತು. ಎರೆಯ ಪೀಪಿ ಇಳಿಸಿ, ಒಳಗೆ ಕೇಳಿದ ಆ ದನಿಯನ್ನೇ ಗಂಟಲಿಗೆ ತಂದುಕೊಂಡು ಹಾಡಿದ. ಅದೇ ನಿ!

ಕೆರೆಯ ನೀರು ಗುಡ್ಡದೆತ್ತರ ಎದ್ದಿತು. ನೀರಿನೊಳಗಿಂದ ಆನೆ ಎದ್ದು ಬಂದು, ಸೊಂಡಿಲಿನಿಂದ ಮೊಸಳೆಯ ಬಾಯನ್ನೂ ಬಾಲವನ್ನೂ ಹಿಡಿದು ಒಂದಕ್ಕೊಂದು ಕುಕ್ಕಿತು. ಮೊಸಳೆ ಮತ್ತೆ ಒಂದಾಗಿ, ತಲೆ ಕೊಡವಿಕೊಂಡು, ಯಾರ ಸುದ್ದಿಗೂ ಬರದೆ ಈಜಿಕೊಂಡು ಹೋಯಿತು.

"ಯಾರ ಪೈಕಿ?" ಅಂತು ಆನೆ.

"ಕೋಗಿಲೆಯ ಪೈಕಿ. ಕೋಗಿಲೆ ನವಿಲಿನ ಪೈಕಿ."

"ಸರಿ, ಬೆನ್ನ ಮೇಲೆ ಕೂತ್ಕೋ" ಅಂತು ಆನೆ. ದಾರಿಯಲ್ಲಿ ತನ್ನ ಬಾಲದ ಒಂದು ಕೂದಲನ್ನು ಉಂಗುರ ಮಾಡಿ ಅವನ ಬೆರಳಿಗೆ ತೊಡಿಸಿತು. ಉಂಗುರ ಬಹಳ ತಗ್ಗಿನಲ್ಲಿ, ನೆಲ ನಡುಗುವ ಹಾಗೆ, ನಿ ಅಂತ ಗುಂಯ್‌ಗುಡುತ್ತಿತ್ತು.

"ಇನ್ನು ಯಾವ ಪ್ರಾಣಿ ಹತ್ತಿರ ಹೋಗಲಿ?" ಅಂತ ಕೇಳಿದ ಎರೆಯ.

"ಇನ್ನು ಪ್ರಾಣಿ ಇಲ್ಲಪ್ಪ. ಆ ಸ್ವರ ನನ್ನ ಮಗು, ಆದರೆ ಇನ್ನೂ ಹುಟ್ಟಿಲ್ಲ. ಯಾರೋ ಹಾಡಬೇಕು, ಆಗ ಹುಟ್ಟುತ್ತೆ. ನವಿಲಿಂದ ಕೋಗಿಲೆಗೆ ಹೇಗೆ ಹೋದೆಯೋ, ನನ್ನಿಂದ ಅಷ್ಟೇ ದೂರ ಹಾಗೇ ಹೋಗು. ನನ್ನನ್ನೇ ಸ ಅಂದ್ಕೋ, ನನ್ನ ಪಂಚಮ ಹುಡುಕು."

ಅಮಾವಾಸ್ಯೆಯ ಸಂಜೆ. ಸೂರ್ಯ ಇನ್ನೇನು ಬೆಟ್ಟಕ್ಕೆ ತಾಗಬೇಕು, ಅಷ್ಟರಲ್ಲಿ ಆನೆ ತಾಮ್ರಕೋಟೆಗೆ ಬಂದು ಮುಟ್ಟಿತು. ಗೋಡೆಯ ಉದ್ದಕ್ಕೂ ಗಂಟೆಗಳು. ಒಂದರ ಮೇಲೆ ದಡಿಗನ ಮೂಗು, ಮೀಸೆ ಎಲ್ಲ ಅಚ್ಚೊತ್ತಿದ ಹಾಗೆ ಕಾಣುತ್ತಿದ್ದವು. ಗೋಪುರದ ಕಿಟಕಿಯಲ್ಲಿ ಸೋವಲೆಯ ಮುಖ ಕಂಡಿತು. ಕತ್ತಿನವರೆಗೂ ಕಂಚು, ಕಣ್ಣು ಮಾತ್ರ ಅವನನ್ನೇ ನೋಡುತ್ತಿದ್ದವು. ಬಾಗಿಲ ಪಕ್ಕದಲ್ಲೇ ಸಮಸೀಳ ಕತ್ತಿ ಊರಿಕೊಂಡು ನಿಂತಿದ್ದ, ಕೈಯಲ್ಲಿ ಒಂದು ದಾರ.

"ತಗೋ ರಾಜಕುಮಾರ, ಅಳೆದು ಮಡಿಸು. ಸರಿಯಾಗಿ ಅರ್ಧ. ನ್ಯಾಯ ಅಂದರೆ ಅದೇ ತಾನೆ?"

ಎರೆಯ ದಾರ ಮುಟ್ಟಲಿಲ್ಲ. ಉಂಗುರವನ್ನು ಕಿವಿಗೆ ಹಿಡಿದು, ಮೆಲ್ಲಗೆ ದನಿ ತೆಗೆದು, ಆ ನಿ ಸ್ವರದಿಂದ ಮೇಲಕ್ಕೆ ಏರತೊಡಗಿದ. ಅಲೆ ಎದ್ದಿತು. ಇನ್ನಷ್ಟು ಏರಿದ, ಅಲೆ ನಿಧಾನವಾಯಿತು. ಇನ್ನೊಂದು ಕೂದಲೆಳೆ. ಅಷ್ಟರಲ್ಲಿ ರುಮಾಲಿನ ಗರಿ ಕಿರುಚಿತು. ಹೌದು, ಕಿರುಚಿತು! ಸ ಮತ್ತು ಈ ಹೊಸ ದನಿ ಒಂದನ್ನೊಂದು ಕಂಡರೆ ಆಗದವರ ಹಾಗೆ ಕಿತ್ತಾಡಿಕೊಂಡವು. ಗೋಡೆಯ ಗಂಟೆಗಳೆಲ್ಲ ಕರಕರ ಅಂದವು.

"ಕೇಳಿಸ್ತಾ?" ಅಂತ ನಕ್ಕ ಸಮಸೀಳ. "ನಿನ್ನ ನವಿಲಿಗೇ ಹಿಡಿಸ್ತಿಲ್ಲ. ತಪ್ಪಿದೆ ನೀನು."

ಎರೆಯ ದನಿ ಹಿಡಿದೇ ನಿಂತ. ಅಲೆ ನಂಬು ಅಂದಿದ್ದು ಆ ನವಿಲೇ, ಈಗ ಅದರ ಗರಿಯೇ ಬೇಡ ಅನ್ನುತ್ತಿದೆ. ದನಿ ಬದಲಿಸಲೇ? ಸ್ವಲ್ಪ ಕೆಳಗಿಳಿದರೆ ಮ, ಅದು ನವಿಲಿಗೆ ಇಷ್ಟ. ಸ್ವಲ್ಪ ಮೇಲೇರಿದರೆ ಪ, ಅದು ಇನ್ನೂ ಇಷ್ಟ. ಸೂರ್ಯ ಅರ್ಧ ಮುಳುಗಿದ್ದ. ಕಂಚು ಸೋವಲೆಯ ಗಲ್ಲಕ್ಕೆ ಬಂದಿತ್ತು.

ಆಗ ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮುತ್ತಜ್ಜನಿಗೂ ಮರಿಮಗನಿಗೂ ಜಗಳ ಇದ್ದರೆ ಇರಲಿ. ಜಗಳ ಇದೆ ಅಂದ ಮಾತ್ರಕ್ಕೆ ಸಂಬಂಧ ಸುಳ್ಳಾಗುತ್ತಾ? ನವಿಲಿಗೆ ಕೋಗಿಲೆ ಬೇಕು, ಕೋಗಿಲೆಗೆ ಆನೆ ಬೇಕು, ಆನೆಗೆ ಈ ಕೂಸು ಬೇಕು. ಎರೆಯ ಗರಿಯನ್ನು ಕಿತ್ತು ಮುಷ್ಟಿಯಲ್ಲಿ ಅದುಮಿ ಸುಮ್ಮನಾಗಿಸಿದ. ಉಂಗುರವೊಂದನ್ನೇ ಕೇಳಿದ. ಆ ಕೊನೆಯ ಕೂದಲೆಳೆಯಷ್ಟು ದನಿ ಏರಿಸಿದ. ಅಲೆ ಸತ್ತಿತು. ಹುಟ್ಟಿಯೇ ಇರದಿದ್ದ ಸ್ವರ ಹುಟ್ಟಿ ನಿಂತಿತು.

"ಯಾರ ಪೈಕಿ?" ಅಂತು ಬಾಗಿಲು.

ಎರೆಯ ಅದೇ ಸ್ವರದಲ್ಲಿ, ದನಿ ಅಲುಗಾಡದ ಹಾಗೆ, ಉತ್ತರ ಹೇಳಿದ:

"ಆನೆಯ ಪೈಕಿ. ಆನೆ ಕೋಗಿಲೆಯ ಪೈಕಿ. ಕೋಗಿಲೆ ನವಿಲಿನ ಪೈಕಿ."

"ಹಾಗೆ ಹೇಳು ಮತ್ತೆ" ಅಂತು ಬಾಗಿಲು, ಮತ್ತು ತೆರೆದುಕೊಂಡಿತು.

ಸಮಸೀಳ ಹುಚ್ಚೆದ್ದು ಕತ್ತಿ ಎತ್ತಿದ. ಗಾಳಿಯಲ್ಲಿ ನಿಂತಿದ್ದ ಆ ಸ್ವರವನ್ನೇ ಎರಡು ಪಾಲು ಮಾಡಲು ಬೀಸಿದ. ಕಡ್ಡಿಗೆ ಅರ್ಧ ಇದೆ, ದಾರಕ್ಕೆ ಅರ್ಧ ಇದೆ, ಹೆತ್ತವರಿರುವ ಸ್ವರಕ್ಕೆ ಅರ್ಧ ಎಲ್ಲಿಂದ ತರೋದು? ಕತ್ತಿ ಅದಕ್ಕೆ ತಾಗಿ ತಿರುಗಿ ಬಂದು ಸಮಸೀಳನನ್ನೇ ನೆತ್ತಿಯಿಂದ ಕೆಳಗೆ ಸಮವಾಗಿ ಸೀಳಿತು. ಬಲಭಾಗ ಬಲಕ್ಕೆ, ಎಡಭಾಗ ಎಡಕ್ಕೆ, ಒಂಟಿ ಕಾಲಲ್ಲಿ ಕುಂಟಿಕೊಂಡು ಹೊರಟವು. "ನಿನಗೆ ಹೆಚ್ಚು ಬಂತು" "ಇಲ್ಲ, ನಿನಗೇ ಹೆಚ್ಚು ಬಂತು" ಅಂತ ಒಂದಕ್ಕೊಂದು ಕೂಗಾಡಿಕೊಂಡು ಎರಡು ದಿಕ್ಕಿನ ಕಾಡಿನಲ್ಲಿ ಮಾಯವಾದವು.

ಎರೆಯ ಮೆಟ್ಟಿಲು ಹತ್ತಿ ಗೋಪುರದೊಳಗೆ ಓಡಿದ, ಸ್ವರ ಬಿಡದೆ. ಬಿಡೋಣ ಅಂದರೂ ಬಿಡಲು ಆಗುತ್ತಿರಲಿಲ್ಲ. ಆ ಸ್ವರದ ಗುಣವೇ ಹಾಗೆ. ಅದರ ಮೇಲೆ ನಿಂತವರಿಗೆ ಕೂರಲು ಜಾಗವಿಲ್ಲ, ಪಂಚಮ ಪಕ್ಕದಲ್ಲೇ ಕಾಣುತ್ತಿರುತ್ತೆ, ಹೋಗದೆ ಗತಿಯಿಲ್ಲ. ಎರೆಯನ ಉಸಿರು ಮಾತ್ರ ಮುಗಿದುಹೋಗಿತ್ತು. ಸೋವಲೆಯ ಮುಂದೆ ಬಂದು ನಿಂತಾಗ ದನಿ ದಾರದೆಳೆಯಷ್ಟಾಗಿ ನಡುಗುತ್ತಿತ್ತು. ಕಂಚು ಅವಳ ಕೆಳತುಟಿ ಮುಟ್ಟಿತ್ತು. ಹೊರಗೆ ಸೂರ್ಯನ ಒಂದು ಚೂರು ಉಳಿದಿತ್ತು. ಬಾಗಿಲೇನೋ ತೆಗೆದ, ಕಂಚು ಕರಗಿಸುವುದು ಹೇಗೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಸೋವಲೆ ಆ ಸ್ವರವನ್ನು ಕೇಳಿದಳು. ಪಕ್ಕದ ಮನೆಯಾದ ಪಂಚಮದ ಹೊಸ್ತಿಲಲ್ಲಿ ನಿಂತು ಒಳಗೆ ಬರಲಾಗದೆ ಒದ್ದಾಡುತ್ತಿದ್ದ ಅದನ್ನು ಕೇಳಿ ಅವಳಿಗೆ ಸುಮ್ಮನಿರಲು ಆಗಲಿಲ್ಲ. ಯಾರಿಗೂ ಆಗುತ್ತಿರಲಿಲ್ಲ. ಉಳಿದಿದ್ದ ಮೇಲ್ತುಟಿಯಲ್ಲಿ, ಉಳಿದಿದ್ದ ಉಸಿರಲ್ಲಿ, ಅವಳು ಪ ಹಾಡಿದಳು.

ಆ ಸ್ವರ ಮನೆ ಸೇರಿದ್ದೇ ತಡ, ಅವಳ ಗಲ್ಲದ ಕಂಚು ಚಟ್ ಅಂತ ಬಿರುಕು ಬಿಟ್ಟಿತು. ಕತ್ತು, ಎದೆ, ಸೊಂಟ, ಕಾಲು, ಸಿಪ್ಪೆ ಸುಲಿದ ಹಾಗೆ ಕಂಚೆಲ್ಲ ಉದುರಿತು. ಅವಳು ದನಿ ತೆಗೆದು ಪೂರ್ತಿ ಹಾಡಿದಳು. ಗೋಡೆಯ ಮೇಲಿನ ಗಂಟೆಗಳೂ ಒಂದೊಂದಾಗಿ ಪ ಅಂದವು, ಅಂದಂದ ಹಾಗೇ ಮನುಷ್ಯರಾಗಿ ದೊಪ್ಪ ದೊಪ್ಪ ಕೆಳಗೆ ಬಿದ್ದರು. ದಡಿಗ ಆನೆಯ ಮೇಲೇ ಬಿದ್ದ, ಆನೆ ಏನೂ ಅನ್ನಲಿಲ್ಲ.

ಗೋಪುರದಲ್ಲಿ ಎರೆಯ ಗೋಡೆಗೊರಗಿ ಕೂತು ಗಳಗಳ ಅಳುತ್ತಿದ್ದ. ಸೋವಲೆ ಬಂದು ಪಕ್ಕದಲ್ಲಿ ಕೂತಳು.

"ಬಾಗಿಲು ತೆಗೆದದ್ದು ನೀವು, ಗೆದ್ದದ್ದು ನೀವು. ಅಳೋದು ಯಾಕೆ?" ಅಂದಳು.

"ನಾನು ಹಾಡಿದ್ದು ಅರ್ಧವೂ ಅಲ್ಲ, ಪೂರ್ತಿಯೂ ಅಲ್ಲ ಕಣೆ" ಅಂದ ಎರೆಯ. "ಉಸಿರು ಮುಗಿದುಹೋಗಿತ್ತು. ನೀನು ಬಾಯಿ ಬಿಡದೇ ಇದ್ದಿದ್ದರೆ ನಾನು ಅಲ್ಲೇ ನಿಂತುಬಿಡ್ತಿದ್ದೆ."

"ನಾನು ಬಾಯಿ ಬಿಡದೇ ಇರೋದುಂಟಾ?" ಅಂದಳು ಸೋವಲೆ, ಮತ್ತು ಸೆರಗಿನಿಂದ ಅವನ ಮುಖ ಒರೆಸಿದಳು.

ಇಬ್ಬರೂ ಆನೆಯ ಮೇಲೆ ಕೂತು, ಗಂಟೆಯಾಗಿದ್ದವರನ್ನೆಲ್ಲ ಹಿಂದೆ ಕರೆದುಕೊಂಡು, ಕಂಚುಗಿರಿಗೆ ಹೊರಟರು. ದಾರಿಯುದ್ದಕ್ಕೂ ಅವನು ಆ ಸ್ವರ ಹಾಡುತ್ತಿದ್ದ, ಅವಳು ಪ ಹಾಡಿ ಮನೆ ಸೇರಿಸುತ್ತಿದ್ದಳು. ಅವರು ಹಾಡಿಕೊಂಡು ಸುಖವಾಗಿದ್ದರು, ಆ ರಾಜ್ಯದವರೆಲ್ಲ ಅವರ ಹಾಡು ಕೇಳಿಕೊಂಡು ಸುಖವಾಗಿದ್ದರು. ಕತೆ ಕೇಳಿದ ನೀವೂ ಸುಖವಾಗಿರಿ, ಹೇಳಿದ ನನಗೆ ಯಾರಾದರೂ ಒಂದು ಲೋಟ ನೀರು ಕೊಡಿ.